ಇಸೆಕಾಯ್‌ನಲ್ಲಿ (ನಾಯಕ ಬೇರೆ ಲೋಕಕ್ಕೆ ಹೋಗುವ ಜಪಾನಿ ಅನಿಮೆ ಕಥೆಗಳಲ್ಲಿ) ನಾಯಕ ನಿಜವಾಗಿ ಬೆಳೆಯುವುದು ಯಾವುದರಲ್ಲಿ? ನೋಡಿದವರು ಹೇಳಿ

ಹೊಸಬ: ಬೇರೆ ಲೋಕಕ್ಕೆ ಹೋದ ತಕ್ಷಣ ಶಕ್ತಿ ಸಿಗುವ ನಾಯಕರು ಸಾಕಾಗಿದ್ದಾರೆ. ತಾನೇ ತೀರ್ಮಾನ ತೆಗೆದುಕೊಂಡು ಬೆಳೆಯುವವರು ಬೇಕು. ಯಾವ ಸರಣಿ ನೋಡಲಿ, ರೀ:ಜೀರೋನಾ, ಮುಶೋಕು ಟೆನ್ಸೆಯ್‌ನಾ? ರಾತ್ರಿ ಊಟದ ಮೇಲೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ.

ಬಿಳಿತಿಮಿಂಗಿಲ: ರೀ:ಜೀರೋ. 2016ರಲ್ಲಿ ವಾರವಾರ ಕಾದು ನೋಡಿದವನು ನಾನು. 13ನೇ ಕಂತಿನಲ್ಲಿ ನಾಯಕ ಸುಬರು ತಾನು ಮಾಡಿದ ಉಪಕಾರವನ್ನೆಲ್ಲ ತಾನು ಮೆಚ್ಚಿದ ಎಮಿಲಿಯಾ ಮುಂದೆ ಎತ್ತಾಡುತ್ತಾನಲ್ಲ, ನನ್ನ ರೂಮ್‌ಮೇಟ್‌ಗಳು ಅಲ್ಲಿಗೇ ಬಿಟ್ಟರು. ನಾನು ಬಿಡಲಿಲ್ಲ. 15ನೇ ಕಂತು ನೋಡಿ ನಿದ್ದೆ ಹೋಯಿತು, ಮಾರನೇ ದಿನದ ಇಂಟರ್ನಲ್ಸ್ ಹೋಯಿತು. ಆದರೆ 18ರಲ್ಲಿ ತನ್ನನ್ನು ಪ್ರೀತಿಸುವ ಸೇವಕಿ ರೆಮ್ ಜೊತೆ ಮಾತಾಡಿದ ಮೇಲೆ ಅವನು ಸಿಂಹಾಸನಕ್ಕೆ ಸ್ಪರ್ಧಿಸುವ ಕ್ರುಶ್ ಎದುರು ಕೂತು ಚೌಕಾಸಿ ಮಾಡುವುದನ್ನು ನೋಡಿ. ಸತ್ತು ವಾಪಸ್ ಬರುವ ಶಕ್ತಿಯಿಂದ ಬೆಳೆದವನಲ್ಲ ಅವನು. ನೆರವು ಕೇಳಲು ಕಲಿತ.

ನೀರುಮಂತ್ರ: ರೆಮ್ ಎಬ್ಬಿಸಿದ್ದಕ್ಕೆ ಎದ್ದ. ಅದರಲ್ಲಿ ಅವನ ಸ್ವಂತ ತೀರ್ಮಾನ ಎಲ್ಲಿ ಬಂತು? ಮುಶೋಕು ಎರಡನೇ ಕಂತು ನೋಡಿ. ಮಂತ್ರ ಕಲಿಸುವ ಗುರು ರಾಕ್ಸಿ ಕುದುರೆ ಮೇಲೆ ಕೂರಿಸಿ ಗೇಟು ದಾಟಿಸುವಾಗ ನಾಯಕ ರೂಡಿಯಸ್ ನಡುಗುತ್ತಾನೆ. ಯಾಕೆ ಅಂತ ಅವಳಿಗೆ ಗೊತ್ತೇ ಇಲ್ಲ. ಹಿಂದಿನ ಜನ್ಮದಲ್ಲಿ ಮನೆ ಬಿಟ್ಟು ಹೊರಗೇ ಬರದವನು ಅವನು. ಕೆಲಸ ಹೋದ ಮೇಲೆ ನಾನೂ ಹಾಲು ತರಲು ಕೂಡ ಬೀದಿಗೆ ಇಳಿಯುತ್ತಿರಲಿಲ್ಲ. ಅಮ್ಮನ ಕೈಲೇ ತರಿಸುತ್ತಿದ್ದೆ. ಆ ದೃಶ್ಯ ಸುಮ್ನೆ ನೋಡಿ ಮರೆಯುವಂಥದ್ದಲ್ಲ.

ಬಿಳಿತಿಮಿಂಗಿಲ: ಸ್ವಂತ ತೀರ್ಮಾನ ಅಂತೆ! ರಾಕ್ಸಿ ತಾನೇ ಎಳೆದುಕೊಂಡು ಹೋಗಿದ್ದು? ಅದೂ ಅಲ್ಲದೆ ಹುಡುಗನ ದೇಹದಲ್ಲಿ ಹಿಂದಿನ ಜನ್ಮದ 34 ವರ್ಷದವನ ಮನಸ್ಸು, ಹುಡುಗಿಯರ ಜೊತೆ ಆ ವರ್ತನೆ. ತಂಗಿ ಜೊತೆ ನೋಡುತ್ತಿದ್ದೆ, ಟಿವಿ ಆಫ್ ಮಾಡಬೇಕಾಯಿತು.

ನೀರುಮಂತ್ರ: ಅದನ್ನು ಸರಿ ಅಂತ ಯಾರು ಹೇಳಿದರು? ಅಪ್ಪ ಪಾಲ್ ಜೊತೆಗಿನ ಜಗಳದವರೆಗೂ ನೋಡದೆ ತೀರ್ಪು ಕೊಡಬೇಡಿ.

ಕೆಂಗೂದಲು: ಇಬ್ಬರೂ 2002ರ ಟ್ವೆಲ್ವ್ ಕಿಂಗ್‌ಡಮ್ಸ್ ನೋಡಿಲ್ಲ ಅಂತ ಕಾಣುತ್ತದೆ. ಅದರ ನಾಯಕಿ ಯೋಕೋ ಎಲ್ಲರಿಗೂ ಹೂಂಗುಟ್ಟುವ ಹುಡುಗಿ. ಆ ಲೋಕದಲ್ಲಿ ನಂಬಿದವರೆಲ್ಲ ಮೋಸ ಮಾಡುತ್ತಾರೆ. ಅನ್ನ ಹಾಕಿ ಉಳಿಸಿದ ರಾಕುಶುನ್ ಗಾಯಗೊಂಡು ಬಿದ್ದಾಗ ಬಿಟ್ಟು ಓಡುತ್ತಾಳೆ, ವಾಪಸ್ ಹೋಗಿ ಕೊಂದುಬಿಡಲೇ ಅಂತಲೂ ಯೋಚಿಸುತ್ತಾಳೆ. ಅಲ್ಲಿಂದ ಎದ್ದವಳು ರಾಣಿಯಾಗಿ ಹೊರಡಿಸುವ ಮೊದಲ ಆಜ್ಞೆ, ಯಾರೂ ಯಾರಿಗೂ ಅಡ್ಡಬೀಳಬಾರದು ಅಂತ. ಇದಕ್ಕಾಗಿ ಹೊರದೇಶದಿಂದ ಡಿವಿಡಿ ತರಿಸಿದೆ. ಕಸ್ಟಮ್ಸ್ ಸುಂಕ ಬೇರೆ, ಕೊರಿಯರ್ ಬೇರೆ. ಡಬ್ಬಿ ಬಿಚ್ಚಿದರೆ ಕೊನೆಯ ಡಿಸ್ಕ್ ಅಂಚಿನಲ್ಲಿ ಸೀಳಿತ್ತು. ಉಳಿದವು ಮನೆಯ ಪ್ಲೇಯರ್‌ನಲ್ಲಿ ಓಡಲಿಲ್ಲ, ರೀಜನ್ ಕೋಡ್ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಗುರುತು) ತಕರಾರು. ಹೊಸ ಪ್ಲೇಯರ್ ಕೊಂಡೆ.

ಬಿಳಿತಿಮಿಂಗಿಲ: ಅಷ್ಟು ಖರ್ಚು ಮಾಡಿ ಏನು ಸಿಕ್ಕಿತು? 45 ಕಂತು ಆದರೂ ಅದರ ಇನ್ನೊಂದು ಪಾತ್ರ ತೈಕಿಯ ಕಥೆ ಅರ್ಧಕ್ಕೇ ನಿಂತಿದೆ.

ಕೆಂಗೂದಲು: ಯೋಕೋ ಕಥೆ ನಿಂತಿಲ್ಲ. ನಾನು ದುಡ್ಡು ಕೊಟ್ಟಿದ್ದು ಅವಳಿಗೆ.