ಮನೆಗೆಲಸ ಮುಗಿದ ಮೇಲೆ ಮರಗೆಲಸ ಅಂದ್ಕೊಂಡ್ರೆ ಆಗೋದೇ ಇಲ್ಲ, ನೀವೇನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ವಾರಕ್ಕೆ ಐದು ದಿನ ಕೆಲಸಕ್ಕೆ ಹೋಗ್ತೀನಿ. ಎರಡು ವರ್ಷದ ಹಿಂದೆ ಹವ್ಯಾಸಕ್ಕೆ ಅಂತ ಮರಗೆಲಸ ಶುರು ಮಾಡಿದೆ. ಈಗ ನಾಲ್ಕು ತಿಂಗಳಿಂದ ಒಂದು ಸ್ಟೂಲು ಶೆಡ್ಡಿನ ಗೋಡೆಗೆ ಒರಗಿ ಕೂತಿದೆ. ಮೂರು ಕಾಲು ಬಂದಿವೆ, ನಾಲ್ಕನೆಯದು ಇನ್ನೂ ಹಲಗೆಯೊಳಗೇ ಇದೆ. ಶನಿವಾರ ಬಟ್ಟೆ, ನೆಲ, ಬಚ್ಚಲು. ಭಾನುವಾರ ಹಿತ್ತಿಲ ಹುಲ್ಲು, ಬೇಲಿಗಿಡ, ಕಳೆ. ಎಲ್ಲ ಮುಗಿಸಿ ಶೆಡ್ಡಿನ ಬಾಗಿಲು ತೆಗೆಯೋ ಹೊತ್ತಿಗೆ ಹೊರಗೆ ಬೆಳಕೂ ಇರಲ್ಲ, ಕೈಯಲ್ಲಿ ಕಸುವೂ ಇರಲ್ಲ. ಬೆಳಿಗ್ಗೆನೇ ಶೆಡ್ಡಿಗೆ ಹೊಕ್ಕರೆ ಮನೆಯವರ ಮುಖ ದಪ್ಪ ಆಗುತ್ತೆ, ನನಗೂ ಒಳಗೊಳಗೇ ಚುಚ್ಚುತ್ತೆ. ನೀವೆಲ್ಲ ಹೇಗೆ ತೂಗಿಸ್ತೀರಿ? ದಯವಿಟ್ಟು ವೇಳಾಪಟ್ಟಿ ಕೊಡಬೇಡಿ, ನನ್ನ ಹತ್ರ ಆಗಲೇ ಮೂರಿವೆ. ಅನುಭವ ಹೇಳಿ.

*

ಹನ್ನೊಂದು ವರ್ಷದಿಂದ ಉಳಿ ಹಿಡಿದವನು ನಾನು. ನಿಮ್ಮ ಸ್ಟೂಲಿಗೆ ನಾಲ್ಕು ತಿಂಗಳು, ನನ್ನದೊಂದು ಪೆಟ್ಟಿಗೆಗೆ ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಅದರ ಮುಚ್ಚಳದ ಹಲಗೆ ದೋಣಿ ಥರ ಬಾಗಿತ್ತು.

ನಿಮ್ಮ ತಲೆಬರಹದಲ್ಲೇ ಎಡವಟ್ಟಿದೆ ಅನ್ಸುತ್ತೆ. ಮನೆಗೆಲಸ ಯಾವತ್ತು ಮುಗಿದಿದೆ? ಒರೆಸಿದ ನೆಲದ ಮೇಲೆ ಸಂಜೆಯೊಳಗೆ ಯಾರಾದರೂ ಓಡಾಡೇ ಆಡ್ತಾರೆ. ಕತ್ತರಿಸಿದ ಹುಲ್ಲು ಆ ರಾತ್ರಿಯಿಂದಲೇ ಮತ್ತೆ ಬೆಳೆಯುತ್ತೆ. ಮುಗಿಯೋ ಗುಣ ಇರೋದು ಮರಗೆಲಸಕ್ಕೆ. ಮುಗಿಯದ್ದರ ಹಿಂದೆ ಮುಗಿಯೋದನ್ನ ಸಾಲಲ್ಲಿ ನಿಲ್ಲಿಸಿದ್ರೆ ಅದರ ಸರದಿ ಬರೋದಾದ್ರೂ ಹೇಗೆ?

ನನಗೆ ದಾರಿ ಕಂಡದ್ದು ಅಂಟು ಹಚ್ಚುವಾಗ. ಬಿಳಿ ಅಂಟು ಹಚ್ಚಿ, ತುಂಡುಗಳನ್ನ ಒತ್ತಿ ಹಿಡಿಯೋ ಕ್ಲಾಂಪ್ ಬಿಗಿದರೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಟ್ಟೋ ಹಾಗಿಲ್ಲ. ಪೂರ್ತಿ ಗಟ್ಟಿಯಾಗೋಕೆ 24 ಗಂಟೆ. ಎಣ್ಣೆ ಬೆರೆತ ವಾರ್ನಿಶ್ ಆದ್ರೆ ಒಂದು ಕೋಟಿಂಗಿಗೂ ಇನ್ನೊಂದಕ್ಕೂ ನಡುವೆ ಹೆಚ್ಚುಕಡಿಮೆ ಒಂದು ದಿನ. ಅಂದ್ರೆ ನಮ್ಮ ಹವ್ಯಾಸದಲ್ಲಿ ಅರ್ಧದಷ್ಟು ಸುಮ್ನೆ ಕಾಯೋದೇ. ಆ ಕಾಯೋ ಹೊತ್ತಲ್ಲಿ ನಾನು ಶೆಡ್ಡಲ್ಲೇ ಕೂತು ಉಪಕರಣ ಸವರ್ತಾ, ಮೊಬೈಲ್ ನೋಡ್ತಾ ಇರ್ತಿದ್ದೆ. ಅಲ್ಲೇ ಇಡೀ ಶನಿವಾರ ಸೋರಿ ಹೋಗ್ತಿತ್ತು. ಬಟ್ಟೆ ಒಗೆಯೋ ಯಂತ್ರದ ಒಂದು ಸುತ್ತು ಮುಗಿಯೋದಕ್ಕೂ ಕ್ಲಾಂಪ್ ಬಿಚ್ಚೋದಕ್ಕೂ ಬೇಕಾದ ಹೊತ್ತು ಸುಮಾರು ಒಂದೇ. ಈಗ ಮೊದಲು ಅಂಟು, ಆಮೇಲೆ ಬಟ್ಟೆ. ಬಟ್ಟೆ ಒಣಗ ಹಾಕಿ ಬರೋಷ್ಟರಲ್ಲಿ ಸಂದು (ಎರಡು ತುಂಡು ಕೂಡೋ ಜಾಗ) ಹಿಡಿದಿರುತ್ತೆ.

ಇನ್ನೊಂದು, ಕೆಲಸವನ್ನ ಸದ್ದಿನ ಮೇಲೆ ಭಾಗ ಮಾಡಿ. ಗರಗಸದ ಯಂತ್ರ, ಮರ ಕೊರೆದು ಗಾಡಿ ಮಾಡೋ ರೂಟರ್, ಉಜ್ಜಿ ನಯ ಮಾಡೋ ಸ್ಯಾಂಡರ್ ಇವೆಲ್ಲ ಹಗಲಿನ ಕೆಲಸ, ಅದೂ ಒಂದೇ ಸಲಕ್ಕೆ. ವಾರದಲ್ಲಿ ಒಂದೂವರೆ ಗಂಟೆ ಸಿಕ್ಕಿದ್ರೆ ಸಾಕು. ಅಳತೆ ಗುರುತು ಹಾಕೋದು, ಉಳಿಯಿಂದ ಸಂದು ಬಿಡಿಸೋದು, ಕೈರಂದಾ ಹೊಡೆಯೋದು, ಸಾಣೆ ಹಿಡಿಯೋದು ಇವಕ್ಕೆ ಸದ್ದಿಲ್ಲ. ವಾರದ ಮಧ್ಯೆ ರಾತ್ರಿ ಇಪ್ಪತ್ತು ನಿಮಿಷ ಸಿಕ್ಕರೂ ನಡೆಯುತ್ತೆ. ನಾನು ಬುಧವಾರ ರಾತ್ರಿ ಉಳಿ ಮಸೀತೀನಿ. 1000ದ ಕಲ್ಲಿನ ಮೇಲೆ (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಅಲಗಿನ ಹಿಂಬದಿಯಲ್ಲಿ ಲೋಹದ ಸಣ್ಣ ಎಳೆ ಏಳೋವರೆಗೆ, ಆಮೇಲೆ 6000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಹೆಬ್ಬೆರಳಿನ ಉಗುರಿನ ಮೇಲೆ ಅಲಗನ್ನ ಹಗುರಾಗಿ ಇಟ್ಟರೆ ಜಾರಬಾರದು, ಕಚ್ಕೋಬೇಕು. ಎಲ್ಲ ಸೇರಿ ಹತ್ತು ನಿಮಿಷ. ಶನಿವಾರ ಮೊಂಡು ಉಳಿ ಹಿಡ್ಕೊಂಡು ಹೆಣಗಿದ್ರೆ ಅದಕ್ಕಿಂತ ಜಾಸ್ತಿ ಹೊತ್ತು ಹಾಳಾಗುತ್ತೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತ್ರ ಒಂದು ಪೆನ್ಸಿಲ್ ತುಂಡು. ಕೆಲಸ ನಿಲ್ಲಿಸುವಾಗ, ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸವನ್ನ ಮರದ ಮೇಲೇ ಬರೀತೀನಿ. ಪುಸ್ತಕದಲ್ಲಿ ಬರೆದರೆ ಪುಸ್ತಕ ಹುಡುಕೋದೇ ಒಂದು ಕೆಲಸ ಆಗುತ್ತೆ. ಪೆಟ್ಟಿಗೆಯ ಬದಿಯಲ್ಲಿ "ಈ ಕಡೆ 1 ಮಿ.ಮೀ. ತೆಗಿ, ಬಾಣದ ದಿಕ್ಕಿಗೆ ಕೀಸು" ಅಂತ ಇತ್ತು. ಎಂಟು ದಿನ ಬಿಟ್ಟು ಬಂದು ಓದಿದೆ, ನೇರ ರಂದಾ ಎತ್ಕೊಂಡೆ. ಮೊದಲೆಲ್ಲ "ಎಲ್ಲಿದ್ದೆ ನಾನು?" ಅಂತ ತಲೆ ಕೆರ್ಕೊಳ್ಳೋದಕ್ಕೇ ಅರ್ಧ ಗಂಟೆ ಹೋಗ್ತಿತ್ತು. ಬೆಂಚಿನ ಮೇಲೂ ಕಣ್ಣಿಡಿ. ಬಣ್ಣದ ಡಬ್ಬಿ, ನೀರಿನ ಪೈಪು, ಒಡೆದ ಕುಂಡ ಎಲ್ಲ ಬಂದು ಕೂರೋದು ಬೆಂಚಿನ ಮೇಲೇ. ಅದನ್ನ ಖಾಲಿ ಮಾಡೋದೇ ಹೊಸ ಮನೆಗೆಲಸ. ಒಂದು ಹಳೇ ಮೇಜು ಅವಕ್ಕೆ ಅಂತಲೇ ಬಿಟ್ಕೊಡಿ.

ಹಿತ್ತಿಲ ಬಗ್ಗೆ ಒಂದೇ ಮಾತು. ಒಂದು ವಾರ ತಪ್ಪಿಸಿ, ಮುಂದಿನ ವಾರ ಹುಲ್ಲನ್ನ ಬೋಳು ಮಾಡಿದ್ರೆ ಲೆಕ್ಕ ಸರಿಹೋಗುತ್ತೆ ಅಂದ್ಕೋಬೇಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. 9 ಸೆಂ.ಮೀ. ಇದ್ದರೆ 6ಕ್ಕೆ ನಿಲ್ಲಿಸಿ. ಬುಡಕ್ಕೇ ಕತ್ತರಿ ಹಾಕಿದ್ರೆ ಬೇರು ಸೊರಗುತ್ತೆ, ಖಾಲಿಯಾದ ಕಡೆ ಕಳೆ ಬಂದು ಕೂರುತ್ತೆ, ಆ ಕಳೆ ಕೀಳೋಕೆ ನಿಮ್ಮದೇ ಭಾನುವಾರ ಬೇಕು.

*

ಮೇಲಿನವರ ಮಾತು ಒಪ್ತೀನಿ, ಒಂದು ಬಿಟ್ಟು. ಕಾಯೋ ಹೊತ್ತಲ್ಲಿ ಮನೆಗೆಲಸ, ಮನೆಗೆಲಸದ ನಡುವೆ ಮರಗೆಲಸ ಅಂತ ಹೆಣೆಯೋದು ಕೈ ಉಪಕರಣಕ್ಕೆ ಸರಿ. ಯಂತ್ರಕ್ಕೆ ಬೇಡವೇ ಬೇಡ. ನಾನು ಹೀಗೇ ಹೆಣೆದವನು. ಒಳಗೆ ಬಟ್ಟೆ ಯಂತ್ರ ಕೂಗಿತು, "ಇದೊಂದು ತುಂಡು ಕೊಯ್ದು ಹೋಗ್ತೀನಿ" ಅಂದೆ. ಮರವನ್ನ ಗರಗಸದ ಯಂತ್ರಕ್ಕೆ ತಳ್ಳೋ ಕೋಲು ಎರಡು ಅಡಿ ಆಚೆ ಇತ್ತು, ಕೈಲೇ ತಳ್ಳಿದೆ. ಎಡಗೈ ಹೆಬ್ಬೆರಳಿಗೆ ಐದು ಹೊಲಿಗೆ. ಬೆರಳು ಉಳೀತು, ಉಗುರು ಇವತ್ತಿಗೂ ಸೊಟ್ಟ. ಆರು ವಾರ ಮರಗೆಲಸವೂ ಇಲ್ಲ, ಮನೆಗೆಲಸವೂ ಇಲ್ಲ. ಎರಡನ್ನೂ ತೂಗಿಸೋಕೆ ಇದೂ ಒಂದು ದಾರಿ ಅಂತ ಮನೆಯಲ್ಲಿ ಈಗಲೂ ಆಡ್ಕೋತಾರೆ.

ಈಗ ಯಂತ್ರದ ಹೊತ್ತು ಅಂದ್ರೆ ಯಂತ್ರದ ಹೊತ್ತು. ಬಾಗಿಲು ಹಾಕಿರುತ್ತೆ, ಒಲೆ ಮೇಲೆ ಏನೂ ಇರಲ್ಲ, ಯಾರನ್ನೂ ಕರ್ಕೊಂಡು ಬರೋಕೆ ಹೋಗೋದು ಇರಲ್ಲ. ಸುಸ್ತಾಗಿದ್ರೆ ಪ್ಲಗ್ ಕಿತ್ತಿಟ್ಟು ಗುಡಿಸಿ ಬರ್ತೀನಿ.

ಹಾಗೇ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಅವಸರದಲ್ಲಿ ಉಂಡೆ ಕಟ್ಟಿ ಕಸದ ಡಬ್ಬಕ್ಕೆ ಎಸೆದು ಬೇರೆ ಕೆಲಸಕ್ಕೆ ಓಡಬೇಡಿ. ಆ ಎಣ್ಣೆ ಗಾಳಿ ಹೀರ್ಕೊಂಡು ಒಣಗುವಾಗ ಕಾವು ಹುಟ್ಟುತ್ತೆ. ಉಂಡೆಯೊಳಗಿನ ಕಾವು ಹೊರಗೆ ಹೋಗದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದೇ ಬಿಡಿಸಿ ಹರಡಿ ಒಣಗಿಸಿ. ಇಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

*

ನಾನು ಮರಗೆಲಸ ಮಾಡೋಳಲ್ಲ, ಮಾಡೋರ ಹೆಂಡತಿ. ದಪ್ಪ ಆಗೋ ಮುಖದ ಕಡೆಯಿಂದಲೂ ಒಂದು ಮಾತು ಇರಲಿ ಅಂತ ಬರೀತಿದ್ದೀನಿ.

ನಮ್ಮನೇಲಿ ಜಗಳ ಹೊತ್ತಿನ ಬಗ್ಗೆ ಅಂತ ಇಬ್ಬರೂ ಬಹಳ ದಿನ ಅಂದ್ಕೊಂಡಿದ್ವಿ. ನಿಜವಾದ ಜಗಳ ಧೂಳಿನದು. ನಾನು ಬಟ್ಟೆ ಹರವಿ ಒಳಗೆ ಬರೋದು, ಇವರು ಆಚೆ ಸ್ಯಾಂಡರ್ ಶುರು ಮಾಡೋದು. ಬಿಳಿ ದಿಂಬಿನ ಚೀಲ ಸಂಜೆಗೆ ಹಳದಿ. ನೆಲ ಒರೆಸಿದ ಅರ್ಧ ಗಂಟೆಗೆ ಬಾಗಿಲಿಂದ ಬಚ್ಚಲವರೆಗೆ ಪುಡಿಯ ಹೆಜ್ಜೆ. ಒಂದಿನ ಇಬ್ಬರೂ ಕೂತು ಒಂದೇ ಒಂದು ವಿಷಯ ಗೊತ್ತು ಮಾಡ್ಕೊಂಡ್ವಿ: ಏನು ಯಾವಾಗ ಅನ್ನೋದಲ್ಲ, ಯಾವುದರ ನಂತರ ಯಾವುದು ಅನ್ನೋದು. ಮರ ಉಜ್ಜೋ ಕೆಲಸ ಎಲ್ಲಕ್ಕಿಂತ ಮೊದಲು. ಆಮೇಲೆ ಅವರ ಸ್ನಾನ. ಆಮೇಲೆ ನೆಲ, ಕೊನೆಗೆ ಬಟ್ಟೆ. ಉಜ್ಜುವಾಗ ಹಾಕೋ ಅಂಗಿ ಶೆಡ್ಡಿನ ಮೊಳೆಯಲ್ಲೇ ನೇತಾಡುತ್ತೆ, ಮನೆಯೊಳಗೆ ಬರಲ್ಲ. ಹೊತ್ತು ಒಂದು ನಿಮಿಷವೂ ಹೆಚ್ಚಲಿಲ್ಲ, ಜಗಳ ಮಾತ್ರ ಮುಕ್ಕಾಲು ಪಾಲು ಕಡಿಮೆ ಆಯ್ತು.

ಧೂಳಿನ ಬಗ್ಗೆ ನಾನು ಹಟ ಹಿಡಿದದ್ದು ಬಟ್ಟೆಗೋಸ್ಕರ ಮಾತ್ರ ಅಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ, ಅಂದ್ರೆ ಖಚಿತವಾಗಿ ಕ್ಯಾನ್ಸರ್ ತರೋವುಗಳ ಪಟ್ಟಿಗೆ, ಸೇರಿಸಿದೆ. ದಿನವೂ ಅದರಲ್ಲೇ ಇರೋ ಕೆಲಸಗಾರರಿಗೆ ಅಪಾಯ ಹೆಚ್ಚು ನಿಜ, ಆದ್ರೆ ವಾರಕ್ಕೊಮ್ಮೆ ಮಾಡೋರೂ ಮಾಸ್ಕ್ ಹಾಕ್ಕೊಳ್ಳೋದಕ್ಕೆ ಏನು ದಾಡಿ? ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಯಂತ್ರ ನಿಲ್ಲಿಸಿದ ಮೇಲೂ ಗಾಳಿಯಲ್ಲಿ ತೇಲ್ತಾ ಇರುತ್ತೆ. ಕೆಲಸ ಮುಗೀತು ಅಂತ ತಕ್ಷಣ ಮಾಸ್ಕ್ ಕಿತ್ತು ಗುಡಿಸೋಕೆ ನಿಂತರೆ ಎಲ್ಲ ಮೂಗೊಳಗೇ.

ಇನ್ನೊಂದು ಹೇಳಿಬಿಡ್ತೀನಿ. "ಮನೆಗೆ ಚಪ್ಪಲಿ ಸ್ಟ್ಯಾಂಡ್ ಮಾಡ್ತಿದ್ದೀನಲ್ಲ, ಇದೂ ಮನೆಗೆಲಸವೇ" ಅಂತ ಲೆಕ್ಕ ತೋರಿಸ್ಬೇಡಿ. ಚಪ್ಪಲಿ ಸ್ಟ್ಯಾಂಡ್ ಚೆನ್ನಾಗಿದೆ, ಆದ್ರೆ ಅದು ಬಚ್ಚಲು ತೊಳೆಯಲ್ಲ. "ನನಗೆ ಇಷ್ಟ, ಎರಡು ಗಂಟೆ ಬೇಕು" ಅಂತ ನೇರ ಕೇಳಿದ್ರೆ ನಾನಂತೂ ಇಲ್ಲ ಅಂದಿಲ್ಲ.

*

ಬೇಲಿಗಿಡದ ಕತ್ತರಿ ಕೊನೇ ಸಲ ಯಾವಾಗ ಮಸೆದಿರಿ? ಉಳಿ ಮಸೆಯೋ ಕಲ್ಲಲ್ಲೇ ಅದನ್ನೂ ಮಸೀಬಹುದು. ಇಳಿಜಾರು ಇರೋ ಮುಖ ಮಾತ್ರ ಮಸೀರಿ, ಚಪ್ಪಟೆ ಮುಖದಲ್ಲಿ ಎದ್ದ ಎಳೆ ಸವರಿ ತೆಗೆದ್ರೆ ಸಾಕು. ಮೊಂಡು ಕತ್ತರಿಯಲ್ಲಿ ಒಂದು ಗಂಟೆ ಜಗಿದು ಹಾಕ್ತಿದ್ದ ಬೇಲಿ ನನಗೆ ಈಗ ನಲವತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷ ನೇರ ಶೆಡ್ಡಿಗೆ.

*

ಚಿಕ್ಕವರೆಲ್ಲ ಹೊತ್ತು ಹೊಂದಿಸೋ ಬಗ್ಗೆ ಹೇಳ್ತಿದ್ದೀರಿ. ನಿವೃತ್ತನಾದವನು ನಾನು, ನನಗೆ ಹೊತ್ತು ಬೇಕಾದಷ್ಟಿದೆ, ಆದರೂ ಹೊಂದಲ್ಲ. ಬೆನ್ನು ಬಿಡಲ್ಲ. ಹಾಗಾಗಿ ನಾನು ಮಾಡಿದ್ದು ಹಿತ್ತಿಲನ್ನೇ ಕಿರಿದು ಮಾಡಿದ್ದು. ಹುಲ್ಲಿದ್ದ ಜಾಗದ ಅರ್ಧಕ್ಕೆ ನೆಲಕ್ಕೆ ಹಬ್ಬೋ ಗಿಡ ಹಾಕಿದೆ, ಗಿಡಗಳ ಬುಡಕ್ಕೆ ನಾಲ್ಕು ಬೆರಳಷ್ಟು ಒಣ ಎಲೆ ಹೊದಿಕೆ. ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಬಿಟ್ಟು ಹಾಕ್ಬೇಕು, ಇಲ್ಲಾಂದ್ರೆ ಕೊಳೆಯುತ್ತೆ. ಕಳೆ ಪೂರ್ತಿ ಹೋಗಿಲ್ಲ, ಆದ್ರೆ ನೆಲ ಒದ್ದೆ ಇದ್ದಾಗ ಎರಡು ಬೆರಳಲ್ಲಿ ಎಳೆದರೆ ಬೇರು ಸಮೇತ ಬರುತ್ತೆ.

ರಂದಾದ ಸುರುಳಿ ಸಿಪ್ಪೆಯನ್ನೂ ಕಾಲುದಾರಿಗೆ ಹಾಕ್ತೀನಿ. ಬರಿ ಮರದ್ದು ಮಾತ್ರ. ಪ್ಲೈವುಡ್, ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), ಔಷಧ ಹಚ್ಚಿದ ಮರ ಇವುಗಳ ಹೊಟ್ಟು ಮಣ್ಣಿಗೆ ಬೇಡ. ಬರಿ ಮರದ ಹೊಟ್ಟನ್ನೂ ಮಣ್ಣೊಳಗೆ ಕಲಸಬೇಡಿ. ಅದು ಕೊಳೆಯೋವರೆಗೆ ಮಣ್ಣಿನ ಸಾರಜನಕ ಹೀರ್ಕೊಂಡು ಗಿಡ ಹಳದಿ ತಿರುಗುತ್ತೆ. ನಾನು ಹಾಗೆ ಮಾಡಿ ಒಂದು ಸಾಲು ಗಿಡ ಕಳ್ಕೊಂಡಿದ್ದೀನಿ.

ಮತ್ತೆ, ಹುಲ್ಲು ಜೋರಾಗಿ ಬೆಳೆಯೋ ತಿಂಗಳಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಆಗ ಒಂದು ಸೌಟು, ಒಂದು ಸಣ್ಣ ಡಬ್ಬಿ, ಅಷ್ಟೇ. ಮೇಜು, ಕಪಾಟು ಎಲ್ಲ ಹಿತ್ತಿಲು ಸುಮ್ಮನಿರೋ ಕಾಲಕ್ಕೆ. ಹಸಿ ಹಲಗೆ ನೆರಳಲ್ಲಿ ಗಾಳಿಗೆ ಒಣಗೋಕೆ ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನೋದು ಹಳೇ ಅಂದಾಜು. ಮರವೇ ಅಷ್ಟು ನಿಧಾನ ಇರುವಾಗ ನಿಮ್ಮ ನಾಲ್ಕು ತಿಂಗಳು ಯಾವ ಲೆಕ್ಕ ಮಾರಾಯ್ರೆ.

*

ಪ್ರಶ್ನೆ ಕೇಳಿದವನು ನಾನೇ, ಮೂರು ವಾರ ಬಿಟ್ಟು ಬರೀತಿದ್ದೀನಿ. ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಮಾಡಿಲ್ಲ. ಪೆನ್ಸಿಲ್ ಮಾಡಿದೆ, ಧೂಳಿನ ಸರದಿ ಮಾಡಿದೆ. ಮೊದಲನೇ ವಾರ ಮರದ ಮೇಲೆ "ಕಾಲು ಕೊಯ್ಯಿ" ಅಂತ ಬರೆದಿಟ್ಟಿದ್ದೆ, ಶನಿವಾರ ಬೆಳಿಗ್ಗೆ ಕೊಯ್ದೆ, ಅಷ್ಟೇ, ಬಾಗಿಲು ಹಾಕಿ ಬಂದೆ. ಎರಡನೇ ವಾರ ಹುಲ್ಲು ತಪ್ಪಿತು, ಮುಚ್ಚುಮರೆ ಯಾಕೆ. ಮೂರನೇ ವಾರ ಅಂಟು ಹಚ್ಚಿ ಬಟ್ಟೆ ಒಗೆದೆ. ಬೇರೆಯವರು ಹೇಳಿದ ಹಾಗೆ ಮನೆಯಲ್ಲಿ "ಎರಡು ಗಂಟೆ ಬೇಕು" ಅಂತ ನೇರ ಕೇಳಿದೆ. "ಇಷ್ಟಕ್ಕೆ ನಾಲ್ಕು ತಿಂಗಳು ಬೇಕಿತ್ತಾ ಕೇಳೋಕೆ" ಅಂತ ಬಂತು ಉತ್ತರ.

ನಾಲ್ಕನೇ ಕಾಲು ಕೂತಿದೆ. ಆದರೆ ಸ್ಟೂಲು ಅಲ್ಲಾಡುತ್ತೆ. ಒಂದು ಕಾಲು ಕೀಸಿದ್ರೆ ಇನ್ನೊಂದು ಉದ್ದ ಆಗುತ್ತೆ. ಏನು ಮಾಡಲಿ?

*

ಒಂದೊಂದೇ ಕಾಲು ಕೀಸ್ತಾ ಹೋಗಬೇಡಿ, ಕೊನೆಗೆ ಮಣೆ ಆಗುತ್ತೆ. ಸಪಾಟಾದ ಬೆಂಚಿನ ಮೇಲೆ ನಿಲ್ಲಿಸಿ. ಗಿಡ್ಡ ಕಾಲಿನ ಕೆಳಗೆ ತೆಳ್ಳಗಿನ ಚಕ್ಕೆ ಸಿಕ್ಕಿಸಿ, ಕೂರೋ ಹಲಗೆ ಮಟ್ಟಕ್ಕೆ ಬರೋವರೆಗೆ. ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ಬೆಂಚಿನ ಮೇಲೆ ಜಾರಿಸ್ತಾ ನಾಲ್ಕೂ ಕಾಲಿನ ಸುತ್ತ ಗೆರೆ ಎಳೀರಿ. ಗೆರೆಗೆ ಸರಿಯಾಗಿ ಕೈಗರಗಸದಲ್ಲಿ ಕೊಯ್ದು, ಅಂಚು ಸ್ವಲ್ಪ ಸವರಿ. ಸದ್ದಿಲ್ಲದ ಕೆಲಸ, ಬುಧವಾರ ರಾತ್ರಿಗೆ ಇಟ್ಕೊಳ್ಳಿ.

ಅಂದಹಾಗೆ, ಶುರುವಿನಲ್ಲೇ ಮೂರು ಕಾಲಿನ ಸ್ಟೂಲು ಅಂತ ಅಂದ್ಕೊಂಡಿದ್ರೆ ಎಂಥ ಒರಟು ನೆಲದ ಮೇಲೂ ಅಲ್ಲಾಡ್ತಿರಲಿಲ್ಲ, ನಾಲ್ಕು ತಿಂಗಳ ಹಿಂದೆಯೇ ಮುಗಿದೂ ಹೋಗ್ತಿತ್ತು.