ಪದಚರ್ಚೆ: ‘ಸೆಕೆ’ ಅಂದರೆ ಬಿಸಿಲಿನ ತಾಪ ಅಷ್ಟೇನಾ?

ಎಲ್ಲರಿಗೂ ನಮಸ್ಕಾರ.

ಪಂಚಾಂಗದಲ್ಲಿ ಚೈತ್ರ, ವೈಶಾಖ ವಸಂತ ಋತು. ಕಾವ್ಯದ ವಸಂತದಲ್ಲಿ ಮಾವು ಹೂ ಬಿಡುತ್ತದೆ, ಕೋಗಿಲೆ ಕೂಗುತ್ತದೆ, ತೆಂಬೆಲರು, ಅಂದರೆ ತೆಂಕಣ ಗಾಳಿ, ತಂಪಾಗಿ ಬೀಸುತ್ತದೆ. ಉಡುಪಿಯಲ್ಲಿ ಕೋಗಿಲೆಯೇನೋ ಕೂಗುತ್ತದೆ. ಆದರೆ ಅಷ್ಟರಲ್ಲಿ ಮಾವಿನ ಹೂ ಮುಗಿದು, ಮಿಡಿ ಭರಣಿಯಲ್ಲಿ ಉಪ್ಪಿಗೆ ಬಿದ್ದಿರುತ್ತದೆ. ಗಾಳಿ ಬರುವುದು ಪಡುವಣ ಕಡಲಿನಿಂದ, ಅದೂ ನೆಲ ಚೆನ್ನಾಗಿ ಕಾದ ಮೇಲೆ. ಮೊದಲೇ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಮೈಯ ಬೆವರು ಆರುವುದೇ ಇಲ್ಲ. ‘ವಸಂತ’ ಎಂಬ ಮಾತು ಕೇಳಬೇಕಾದರೆ ದೇವಸ್ಥಾನದ ವಸಂತ ಮಂಟಪಕ್ಕೆ ಹೋಗಬೇಕು. ಏಪ್ರಿಲ್ ನಡುವಿನ ಬಿಸು, ಅಂದರೆ ತುಳುವರ ಹೊಸ ವರ್ಷದಿಂದ, ಮೇ 24ರ ಹೊತ್ತಿನ ಪತ್ತನಾಜೆ, ಅಂದರೆ ಆ ವರ್ಷದ ಕೋಲ, ಜಾತ್ರೆಗಳು ಮುಗಿಯುವ ದಿನದವರೆಗೆ ಊರವರ ಬಾಯಲ್ಲಿ ಇರುವುದು ‘ಸೆಕೆ’. ತುಳುವಿನಲ್ಲೂ ಅದೇ ಮಾತು.

ಇದಕ್ಕೆ ‘ಬಿಸಿಲಿನ ತಾಪ’ ಎಂದು ಅರ್ಥ ಹೇಳಿ ಮುಗಿಸುವವರಿದ್ದಾರೆ. ನನಗೆ ಅದು ಸಾಲದು ಅನಿಸುತ್ತದೆ. ‘ನಂಗೆ ಸೆಕೆ ಆಗ್ತದೆ’ ಅನ್ನುತ್ತೇವೆ, ಹಸಿವಾಗ್ತದೆ, ಬಾಯಾರಿಕೆ ಆಗ್ತದೆ ಅನ್ನುವ ಹಾಗೆಯೇ. ‘ನಂಗೆ ಬಿಸಿಲಾಗ್ತದೆ’ ಅನ್ನುವುದಿಲ್ಲ. ರಾತ್ರಿ ಫ್ಯಾನಿನಡಿ ಮಲಗಿದರೂ ಸೆಕೆ ಆಗುತ್ತದೆ. ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿ ಬಿಸಿಲು ಪೂರ್ತಿ ಹೋದಾಗಲಂತೂ ಇನ್ನೂ ಜೋರು. ಅಂಗಳದ ಚಾಪೆಯಿಂದ ಅರ್ಧ ಒಣಗಿದ ಹಲಸಿನ ಹಪ್ಪಳ ಎಬ್ಬಿಸುತ್ತಾ ನಮ್ಮ ಅತ್ತೆ ಹೇಳುವುದುಂಟು: ‘ಎಂಥ ಸೆಕೆ ಮಾರಾಯ್ತಿ, ಇವತ್ತು ಮಳೆ ಬಂದೇ ಬರ್ತದೆ.’ ಈ ಮಾತಿನಲ್ಲಿ ಬಿಸಿಲಿನ ಸುಳಿವೇ ಇಲ್ಲ, ನೋಡಿ. ‘ಗಾಳಿಯಲ್ಲಿ ಪಸೆ ಜಾಸ್ತಿಯಾಗಿ, ಬೆವರು ಆರದೆ ಮೈಗೆ ಆಗುವ ಬೇಗುದಿ’ ಎಂದು ನಿಘಂಟಿನಲ್ಲಿ ಇರಬೇಕು ಅಂತ ನನ್ನ ಆಸೆ.

ರಾಯಚೂರು, ಕಲಬುರಗಿ ಕಡೆಯ ಝಳ ಮುಖಕ್ಕೆ ಹೊಡೆಯುವ ಒಣ ಬಿಸಿ. ಅದನ್ನು ಸೆಕೆ ಅಂದರೆ ಸರಿಹೋಗುವುದಿಲ್ಲ, ಅಲ್ವಾ? ಮೈಸೂರು, ಬೆಂಗಳೂರಿನವರೂ ‘ಸೆಕೆ’ ಅನ್ನುತ್ತಾರೆ. ನೆರಳಿಗೆ ಹೋದ ಕೂಡಲೇ ಹಗುರಾಗುವ ಬಿಸಿಗೂ ನೀವು ಇದೇ ಪದ ಬಳಸುತ್ತೀರಾ? ಕುಂದಾಪುರ, ಕಾಸರಗೋಡು, ಶಿರಸಿ ಕಡೆಯವರು ಹೇಗೆ ಹೇಳುತ್ತೀರಿ? ಸುಮ್ನೆ ಅರ್ಥ ಬರೆಯುವ ಬದಲು, ಮನೆಯಲ್ಲಿ ಆಡುವ ಒಂದೆರಡು ವಾಕ್ಯಗಳನ್ನೇ ಹಾಗೇ ಬರೆದು ಕಳಿಸಿದರೆ ತುಂಬಾ ಉಪಕಾರ.