ಕೆಆರ್‌ಎಸ್ ಎತ್ತರ ಗೊತ್ತು, ಟಿಎಂಸಿ ಅಂದ್ರೆ ಗೊತ್ತಿಲ್ಲ

ಪಾಂಡವಪುರದ ಅಪ್ಪ:
ಮಗಳು ಏಳನೇ ಕ್ಲಾಸು. ಕೆಆರ್‌ಎಸ್ ಗರಿಷ್ಠ ಮಟ್ಟ ಕೇಳಿದರೆ ನಿದ್ದೆಗಣ್ಣಲ್ಲೂ 124.80 ಅಡಿ ಅನ್ನುತ್ತಾಳೆ. ಮೊನ್ನೆ ಪೇಪರ್ ಓದುತ್ತಾ, 'ಟಿಎಂಸಿ ಅಂದ್ರೆ ಎಷ್ಟು ನೀರು ಮಗಾ?' ಅಂದೆ. 'ಅದು ಪರೀಕ್ಷೆಗೆ ಬರಲ್ಲಪ್ಪ' ಅಂದಳು. ನಮ್ಮ ಗದ್ದೆಗೆ ಬರೋದೇ ವಿಶ್ವೇಶ್ವರಯ್ಯ ನಾಲೆ ನೀರು! ಈ ಬಾಯಿಪಾಠ ಬಿಡಿಸೋದು ಹೇಗೆ? ಟ್ಯೂಷನ್ ಸಲಹೆ ಬೇಡ.

ಮಳವಳ್ಳಿ ಮೇಷ್ಟ್ರು:
ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಸುಮ್ನೆ ಹೇಳಿಕೊಡಬೇಡಿ, ಲೆಕ್ಕ ಹಾಕಿಸಿ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡ್. ಒಂದೇ ದಿನದಲ್ಲಿ ಒಂದು ಟಿಎಂಸಿ ಬರಬೇಕಾದರೆ ಎಷ್ಟು ಕ್ಯೂಸೆಕ್ ಹರಿಯಬೇಕು? ಸುಮಾರು 11,574 ಬರಬೇಕು, ನೋಡಿ. ನಮ್ಮ ಮಕ್ಕಳು ಹೊಲಗಾಲುವೆ ಪಕ್ಕ ಹತ್ತು ಮೀಟರ್ ಗುರುತು ಹಾಕಿ, ತೆಂಗಿನ ಗರಿ ಚೂರು ತೇಲಿಬಿಟ್ಟು ವೇಗ ಅಳೆದರು. (ದೊಡ್ಡ ನಾಲೆ ಹತ್ತಿರ ಮಾತ್ರ ಬಿಡಬೇಡಿ.) ಆಮೇಲೆ ಒಬ್ಬಳು ಕೇಳಿದಳು, 'ನಾವು ಜಾಸ್ತಿ ತಿರುಗಿಸಿಕೊಂಡರೆ ಕೊನೇ ಗದ್ದೆಯವರಿಗೆ ಏನು ಉಳಿಯುತ್ತೆ ಸಾರ್?' ಅವತ್ತು ನೀತಿಪಾಠದ ಪುಸ್ತಕ ತೆಗೆಯಲೇ ಇಲ್ಲ.

ಮದ್ದೂರಿನ ಅಕ್ಕ:
ಆಲೆಮನೆಗೆ ಕರ್ಕೊಂಡು ಹೋಗಿ ಅಣ್ಣ. ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತಾರೆ ಅಂತ ಅವಳೇ ಕೇಳಲಿ. ಆಮ್ಲ, ಪ್ರತ್ಯಾಮ್ಲ ಎಲ್ಲಾ ಕೊಪ್ಪರಿಗೆಯಲ್ಲೇ ಕುದೀತಾ ಇರುತ್ತೆ. ನನ್ನ ಮಗ ಅಂಗಿ ಹಾಳು ಮಾಡಿಕೊಂಡ, ಪಾಠ ಮರೆತಿಲ್ಲ.

ಪಾಂಡವಪುರದ ಅಪ್ಪ:
ಲೆಕ್ಕ ಸರಿಯಾಗಿ ಬಂತು ಸಾರ್. ಈಗ ಅವಳದೇ ಪ್ರಶ್ನೆ: 124.80 ಅಡಿ ಅಂತೀರಲ್ಲ, ಅದನ್ನ ಎಲ್ಲಿಂದ ಅಳೆಯೋದು? ಭಾನುವಾರ ಕಟ್ಟೆಗೆ ಹೊರಟಿದ್ದೇವೆ.